ಟಿಕ್ ಎನ್ನದ ಜೀಪು

ಬೆಳಗ್ಗೆ ಏಳೂವರೆಗೆ ಸೊಸೆ ಜೀಪಿನ ಕೀ ತಿರುಗಿಸಿದಳು. ಭುಜ ಹಿಡಿದು ಅಲುಗಿಸಿ ಎಬ್ಬಿಸುವವರ ಹಾಗೆ ಸೆಲ್ಫ್ ಮೋಟಾರು ಉತ್ಸಾಹದಿಂದಲೇ ತಿರುಗಿತು. ಇಂಜಿನ್ ಮಾತ್ರ ಮಗ್ಗುಲು ಬದಲಿಸಿ ಮಲಗಿತು. ಇನ್ನೊಮ್ಮೆ ತಿರುಗಿಸಿದಳು. ಮತ್ತೊಮ್ಮೆ. ನಾಲ್ಕನೆಯ ಸಲಕ್ಕೆ ಕೈ ಹಾಕುವ ಮೊದಲೇ ಜಗಲಿಯ ಕುರ್ಚಿಯಿಂದ ಮಾವನ ದನಿ ಬಂತು.

"ಬ್ಯಾಟರಿ ತಿನ್ಬೇಡಮ್ಮ. ಮೂರಕ್ಕೆ ಹಿಡೀಲಿಲ್ಲ ಅಂದ್ರೆ ಮೂವತ್ತಕ್ಕೂ ಹಿಡಿಯಲ್ಲ."

"ಮಾವ, ಇವತ್ತು ಹಿಡೀಲೇಬೇಕು."

"ಅದನ್ನ ಇಂಜಿನ್ನಿಗೆ ಹೇಳು, ನನಗ್ಯಾಕೆ ಹೇಳ್ತೀಯ?"

ಪರೀಕ್ಷೆ ಹನ್ನೊಂದು ಗಂಟೆಗೆ. ಪಟ್ಟಣದ ಅಂಚಿನ ಮೈದಾನಕ್ಕೆ ಲೈಸೆನ್ಸಿನ ಇನ್ಸ್‌ಪೆಕ್ಟರು ಬರುವುದು ತಿಂಗಳಿಗೆ ಒಂದೇ ದಿನ. ಅವಳ ಕಲಿಯುವವರ ಲೈಸೆನ್ಸಿನ ಅವಧಿ ಮುಗಿಯುವುದು ನಾಡಿದ್ದು. ಇವತ್ತು ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ಫೋಟೊ, ಮತ್ತೆ ಕಿಟಕಿಯ ಮುಂದೆ ನಿಲ್ಲುವುದು. ಅಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ನಿಲ್ಲುತ್ತಿದ್ದಳೇನೋ. ಆದರೆ ಅಣೆಕಟ್ಟೆಯ ಕೆಲಸದಲ್ಲಿದ್ದು ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವ ಗಂಡ, ಓಡಿಸುವವರಿಲ್ಲದ ಮನೆಗೆ ಗಾಡಿ ಏಕೆಂದು, ಜೀಪಿಗೆ ಒಬ್ಬ ಗಿರಾಕಿಯನ್ನು ಗೊತ್ತುಮಾಡಿ ಇಟ್ಟಿದ್ದ. "ತಿಂಗಳ ಕೊನೆಯೊಳಗೆ ಲೈಸೆನ್ಸ್ ಬಂದ್ರೆ ಗಾಡಿ ನಿಂದು. ಇಲ್ಲಾಂದ್ರೆ ಅವನದು" ಎಂದಿದ್ದ. ತಿಂಗಳು ಮುಗಿಯಲು ಇನ್ನು ಆರು ದಿನ ಉಳಿದಿತ್ತು.

ಬಸ್ಸು ಓಡಾಡುವ ಟಾರು ರಸ್ತೆ ಆ ಮನೆಯಿಂದ ನಾಲ್ಕು ಮೈಲಿ ದೂರ. ಹಿಂದಿನ ವರ್ಷ ಮಗಳು ಗೋಡೆಯಿಂದ ಬಿದ್ದು ಕೈ ಮುರಿದುಕೊಂಡ ದಿನ ಜೀಪು ಅಂಗಳದಲ್ಲೇ ಇತ್ತು. ಗಂಡ ಊರಲ್ಲಿರಲಿಲ್ಲ, ಮಾವನ ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ ಕಟ್ಟಿತ್ತು. ಅವಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಾಲಿನ ವ್ಯಾನಿನ ಹಿಂಭಾಗದಲ್ಲಿ, ಖಾಲಿ ಕ್ಯಾನುಗಳ ನಡುವೆ ಕೂತು ಆಸ್ಪತ್ರೆಗೆ ಹೋಗಿದ್ದಳು. ಪ್ರತಿ ಗುಂಡಿಗೂ ಕ್ಯಾನುಗಳು ಒಂದಕ್ಕೊಂದು ಹಣೆ ಚಚ್ಚಿಕೊಂಡಾಗ ಮಗುವಿನ ತುಟಿ ಬಿಳಿಚಿಕೊಳ್ಳುತ್ತಿತ್ತು. ಅಂಗಳದಲ್ಲಿ ನಾಲ್ಕು ಚಕ್ರಗಳಿದ್ದೂ ತನಗೆ ಕಾಲಿಲ್ಲ ಎಂಬುದು ಅವಳಿಗೆ ಮನವರಿಕೆಯಾದದ್ದು ಆ ದಾರಿಯಲ್ಲಿ. ಆಗ ಹಿಡಿದ ಹಟ ಇದು.

ಕಲಿಸಿದವರು ಮಾವನೇ. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಎಡಗಡೆಯ ಸೀಟಿನಲ್ಲಿ ಕೂತು ಕಲಿಸುವಾಗಲೂ ಹಿಂದೆ ಐವತ್ತು ಜನ ಪ್ರಯಾಣಿಕರು ಕೂತಿದ್ದಾರೆಂದೇ ಭಾವಿಸಿ ಗದರುವವರು. ಎರಡು ತಿಂಗಳ ಹಿಂದೆ ಗ್ಯಾಸ್ ಸಿಲಿಂಡರ್ ತರುತ್ತೇನೆಂದು ಜೀಪು ತೆಗೆದುಕೊಂಡು ಹೋದವರು ಸಂಜೆಗೆ ಸಿಕ್ಕಿದ್ದು ಮೂವತ್ತು ಮೈಲಿ ಆಚೆ, ಎಂದೋ ಮುಚ್ಚಿಹೋದ ಒಂದು ಬಸ್ ಡಿಪೊದ ಗೇಟಿನ ಮುಂದೆ. ಅಲ್ಲಿಯ ಕಾವಲುಗಾರನನ್ನು ತಮ್ಮ ಡ್ಯೂಟಿ ಎಷ್ಟು ಗಂಟೆಗೆಂದು ಕೇಳುತ್ತಿದ್ದರಂತೆ. ಹಳೆಯ ಸ್ನೇಹಿತರನ್ನು ನೋಡಲು ಹೋಗಿದ್ದೆ ಎಂದು ಅವರು ಇವತ್ತಿಗೂ ಸಾಧಿಸುತ್ತಾರೆ. ಮಗ ಏನೂ ವಾದಿಸದೆ ಕೀಯನ್ನು ಅವರ ಜೇಬಿನಿಂದ ತೆಗೆದು ಹೆಂಡತಿಯ ಕೈಗೆ ಕೊಟ್ಟ. ಮಾವನೂ ಏನೂ ವಾದಿಸಲಿಲ್ಲ. ಅದೇ ಅವಳಿಗೆ ಅನುಮಾನ ತಂದಿತ್ತು. ಮಳೆ ಬಂದರೂ ಮೋಡದ ಜೊತೆ ವಾದಿಸುವ ಮನುಷ್ಯ ಅವರು.

"ಬ್ಯಾಟರಿ ಕಿವಿಗೆ ಬೂಷ್ಟು ಹಿಡಿದಿರ್ಬೇಕು," ಎಂದರು ಮಾವ ಈಗ. "ಬಿಸಿನೀರು ಕಾಸ್ಕೊಂಡು ಬಾ."

"ಬ್ಯಾಟರಿ ಚೆನ್ನಾಗಿದೆ ಮಾವ. ಸೆಲ್ಫ್ ಹೊಡೆಯುವಾಗ ಲೈಟು ಹಾಕಿ ನೋಡ್ದೆ. ಸ್ವಲ್ಪಾನೂ ಮಂಕಾಗಲ್ಲ."

"ಲೈಟಿಗೆ ಬೇಕಾಗೋದು ಚಮಚ, ಸೆಲ್ಫಿಗೆ ಬೇಕಾಗೋದು ಕೊಡ."

"ಆ ಕೊಡಾನೇ ಅಲ್ವಾ ಇಷ್ಟು ಹೊತ್ತು ಸುತ್ತಿಸಿದ್ದು?"

"ನೀನು ಮೂವತ್ತನಾಲ್ಕು ವರ್ಷ ಓಡ್ಸಿದ್ದೀಯೋ, ನಾನೋ?"

ವಾದ ಮುಗಿಸಲೆಂದೇ ಅವರು ಈ ಪ್ರಶ್ನೆ ಕೇಳುತ್ತಿದ್ದುದು. ಅವಳು ಒಳಗೆ ಹೋಗಿ ನೀರು ಕಾಯಿಸಿ ತಂದಳು. ಬ್ಯಾಟರಿಯ ಎರಡು ಕಿವಿಗಳ ಮೇಲೆ ಹೂಕೋಸಿನಂತೆ ಅರಳಿದ್ದ ತಿಳಿಹಸಿರು ಉಪ್ಪಿನ ಮೇಲೆ ಸಣ್ಣ ಧಾರೆಯಾಗಿ ಹೊಯ್ದಳು. ಅದು ಬುಸ್ಸೆಂದು ಕರಗಿ ನೆಲಕ್ಕಿಳಿಯಿತು. ಹತ್ತನೆಯ ನಂಬರಿನ ಸ್ಪಾನರಿನಿಂದ ತಂತಿಗಳನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ತುದಿಗೆ ಒಂದಿಷ್ಟು ವ್ಯಾಸ್ಲಿನ್ ಸವರಿ, ಮತ್ತೆ ಬಿಗಿದಳು. ಕೆಲಸವೇನೋ ಚೆಂದವಾಗಿಯೇ ಆಯಿತು. ಕೀ ತಿರುಗಿಸಿದರೆ ಸೆಲ್ಫ್ ಮೊದಲಿಗಿಂತ ಚುರುಕಾಗಿ ತಿರುಗಿತು. ಇಂಜಿನ್ ಮೊದಲಿನಷ್ಟೇ ಗಾಢವಾಗಿ ನಿದ್ರಿಸಿತು.

"ಹಾಗಾದ್ರೆ ಇದು ಏರು," ಎಂದರು ಮಾವ, ತಾವು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದವರ ಹಾಗೆ. "ಡೀಸೆಲ್ ಪೈಪಲ್ಲಿ ಗಾಳಿ ಸೇರ್ಕೊಂಡಿದೆ."

ಗಂಟೆ ಎಂಟೂಕಾಲು. ಪರೀಕ್ಷೆಗೆಂದು ಇಸ್ತ್ರಿ ಮಾಡಿಟ್ಟ ಚೂಡಿದಾರದ ಮೇಲೆ ಗಂಡನ ಹಳೆಯ ಅಂಗಿ ಹಾಕಿಕೊಂಡು ಅವಳು ಬಾನೆಟ್ಟಿನೊಳಗೆ ಬಾಗಿದಳು. ಆ ಇಸ್ತ್ರಿಯೂ ಒಂದು ಕತೆಯೇ. ಎರಡು ತಿಂಗಳಿನಿಂದ ಮನೆಯ ಇಸ್ತ್ರಿಪೆಟ್ಟಿಗೆಗೆ ವಯರೇ ಇಲ್ಲ. ಒಂದು ಬೆಳಗ್ಗೆ ನೋಡಿದರೆ ಪೆಟ್ಟಿಗೆ ಬಾಲ ಕತ್ತರಿಸಿದ ಪ್ರಾಣಿಯಂತೆ ಬೀರುವಿನ ಮೇಲೆ ಕೂತಿತ್ತು. ಕೆಂಪು-ಬಿಳಿ ನೂಲು ಸುತ್ತಿದ ಉದ್ದನೆಯ ವಯರು ಮಾಯ. ಅದೇ ವಾರ ಮಾವನ ಕೋಣೆಯ ಮಂಚದ ತಲೆದೆಸೆಯಲ್ಲಿ ನೇತಾಡುತ್ತಿದ್ದ ಬೆಡ್ ಸ್ವಿಚ್ಚೂ ಮಾಯವಾಯಿತು. ತೀರಿಕೊಂಡ ಅತ್ತೆಯ ಓದುವ ದೀಪದ ಸ್ವಿಚ್ಚು ಅದು, ಪೇರಲಕಾಯಿಯ ಆಕಾರದ್ದು, ತುದಿಯಲ್ಲಿ ಒಂದು ಬಿಳಿಯ ಗುಂಡಿ. ಅತ್ತೆ ಪುಸ್ತಕ ಎದೆಯ ಮೇಲಿಟ್ಟುಕೊಂಡೇ ನಿದ್ದೆಹೋಗುವವರು. ಮಾವ ಪಕ್ಕದಿಂದ ಕೈ ಚಾಚಿ ಅದನ್ನು ಒತ್ತಿ ದೀಪ ಆರಿಸುವವರು. ಎಲ್ಲಿ ಹೋಯಿತೆಂದು ಕೇಳಿದಾಗ ಮಾವ "ಇಲಿ" ಎಂದಿದ್ದರು. ಹೇಳುವಾಗ ಅವರ ಎಡಹುಬ್ಬು ಮೇಲೇರಿತ್ತು. ಸುಳ್ಳು ಹೇಳುವಾಗ ಅದು ಏರುತ್ತದೆ. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಓದಲು ಕಲಿತ ಅಕ್ಷರಗಳಲ್ಲಿ ಅದೂ ಒಂದು. ಇಲಿ ವಯರು ಕಡಿಯುತ್ತದೆ, ಒಪ್ಪೋಣ. ಸ್ಕ್ರೂ ಬಿಚ್ಚಿ, ಸ್ವಿಚ್ಚು ಕಳಚಿ, ಸ್ಕ್ರೂಗಳನ್ನು ಜೋಪಾನವಾಗಿ ಬಟ್ಟಲಲ್ಲಿ ಇಟ್ಟುಹೋಗುವ ಇಲಿಯನ್ನು ಎಲ್ಲಿಂದ ತರುವುದು? ಅವತ್ತಿನಿಂದ ಇಸ್ತ್ರಿ ಎದುರುಮನೆಯ ಟೈಲರಕ್ಕನ ಕೃಪೆ.

ಆ ಟೈಲರಕ್ಕನೇ ಈಗ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡು ಬೇಲಿ ದಾಟಿ ಬಂದಳು.

"ಏನೇ, ಪರೀಕ್ಷೆ ಇಲ್ಲೇ ನಡೀತಿದೆಯಾ? ಇನ್ಸ್‌ಪೆಕ್ಟರ್ ಜಗಲಿ ಮೇಲೆ ಕೂತ ಹಾಗಿದೆ."

"ಅಕ್ಕ, ತಮಾಷೆ ಆಮೇಲೆ. ಸೀಟಲ್ಲಿ ಕೂತ್ಕೊಳ್ಳಿ. ನಾನು ಹೇಳಿದಾಗ ಕೀ ತಿರುಗಿಸ್ಬೇಕು, ಬಿಡು ಅಂದಾಗ ಬಿಡ್ಬೇಕು."

"ನನ್ನ ಹೊಲಿಗೆ ಮಿಷನ್ನಿಗೆ ಇಷ್ಟು ಜನ ಬೇಕಾಗಲ್ಲಪ್ಪ." ಹಾಗೆಂದರೂ ಟೈಲರಕ್ಕ ಬಲಗಡೆಯ ಸೀಟಿಗೆ ಏರಿ, ಕನ್ನಡಿಯನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡಳು.

ಏರ್ ತೆಗೆಯುವ ವಿದ್ಯೆ ಮಾವ ಕಲಿಸಿದ್ದೇ. ಡೀಸೆಲ್ ಫಿಲ್ಟರಿನ ನೆತ್ತಿಯ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಬೇಕು. ಪಕ್ಕದ ಗುಂಡಿಯನ್ನು ಕೈಯಿಂದ ಒತ್ತುತ್ತ ಹೋಗಬೇಕು. ಗಾಳಿ ಇದ್ದರೆ ಮೊದಲು ಸಾಬೂನಿನ ನೊರೆಯಂಥದ್ದು ಉಕ್ಕುತ್ತದೆ, ಗುಳ್ಳೆ ನಿಂತು ತಿಳಿ ಡೀಸೆಲ್ ಬಂದಾಗ ಬಿಗಿಯಬೇಕು. ಅವಳು ಸಡಿಲಿಸಿ ಒತ್ತಿದಳು. ಮೊದಲ ಒತ್ತಿಗೇ ತಿಳಿಯಾದ ಡೀಸೆಲ್ ಉಕ್ಕಿ ಮಣಿಕಟ್ಟಿನ ಮೇಲೆ ಹರಿಯಿತು. ಒಂದು ಗುಳ್ಳೆಯೂ ಇರಲಿಲ್ಲ.

"ಏರ್ ಇಲ್ಲ ಮಾವ."

"ಇನ್ನೂ ಒತ್ತು."

"ಗುಳ್ಳೇನೇ ಬರ್ತಿಲ್ಲ, ನೋಡಿ ಬನ್ನಿ."

ಮಾವ ಕೋಲೂರಿಕೊಂಡು ಬಂದರು. ಬಂದು ಬಾನೆಟ್ಟಿನ ಪಕ್ಕ ನಿಂತರು. ನಿಂತು ಡೀಸೆಲ್ಲನ್ನು ನೋಡದೆ ಅವಳ ಮೊಣಕೈಯನ್ನು ನೋಡಿದರು. "ಒತ್ತೋ ರೀತೀನೇ ಸರಿ ಇಲ್ಲ. ಇಷ್ಟು ಮೆಲ್ಲಗೆ ಒತ್ತಿದ್ರೆ ಗಾಳಿ ಯಾಕೆ ಬರುತ್ತೆ? ಅದಕ್ಕೂ ಮರ್ಯಾದೆ ಇರುತ್ತೆ."

ಅವಳು ಒತ್ತಿದಳು. ಎಣಿಸುತ್ತ ಒತ್ತಿದಳು. ಇನ್ನೂರು ದಾಟಿದ ಮೇಲೆ ಎಣಿಕೆ ತಪ್ಪಿತು, ತಾಳ್ಮೆಯೂ ತಪ್ಪಿತು. ಇಂಜಿನ್ನಿನ ತಲೆಗೆ ಹೋಗುವ ಸಣ್ಣ ಉಕ್ಕಿನ ಪೈಪಿನ ನಟ್ಟನ್ನು ಸಡಿಲಿಸಿ, ಟೈಲರಕ್ಕನಿಗೆ "ತಿರುಗ್ಸಿ" ಎಂದಳು. ಇಂಜಿನ್ ಗಿರ್ರನೆ ಸುತ್ತಿತು. ಪೈಪಿನ ತುದಿಯಲ್ಲಿ ಒಂದು ಹನಿಯೂ ಇಣುಕಲಿಲ್ಲ. ಒಣಗಿದ ಕೊಳಾಯಿ.

"ಬಿಡ್ಲಾ?" ಎಂದು ಟೈಲರಕ್ಕ ಕೂಗಿದಳು.

"ಬಿಡಿ ಅಕ್ಕ. ಎಲ್ಲಾನೂ ಬಿಡಿ."

"ತಳ್ಳಿ," ಎಂದರು ಮಾವ. "ಇಳಿಜಾರಲ್ಲಿ ತಳ್ಳಿ ಎರಡನೇ ಗೇರಿಗೆ ಬಿಟ್ರೆ ತಾನಾಗೇ ಹಿಡಿಯುತ್ತೆ."

"ಇಳಿಜಾರಿನ ಕೊನೇಲಿ ಮೋರಿ ಇದೆ ಮಾವ. ಹಿಡೀಲಿಲ್ಲ ಅಂದ್ರೆ ಅಲ್ಲಿಂದ ಮೇಲಕ್ಕೆ ತಳ್ಳೋರ್ಯಾರು?"

"ನಾನಂತೂ ಅಲ್ಲ," ಎಂದು ಟೈಲರಕ್ಕ ಇಳಿದಳು. "ನಾನು ಕಲ್ತಿದ್ದು ಹೊಲಿಯೋಕೆ, ತಳ್ಳೋಕಲ್ಲ. ಹತ್ತು ಗಂಟೆಗೆ ರವಿಕೆ ತಗೊಳ್ಳೋಕೆ ಬರ್ತಾರೆ, ಕಾಜಾ ಇನ್ನೂ ಆಗಿಲ್ಲ. ಏನಾದ್ರೂ ಆದ್ರೆ ಕೂಗು." ಬೇಲಿ ದಾಟುತ್ತ ತಿರುಗಿ, "ಗೆದ್ದು ಬಾರೇ" ಎಂದಳು. ತಮಾಷೆಯಿಲ್ಲದೆ ಅವಳು ಹೇಳಿದ ಮಾತು ಆ ಬೆಳಗ್ಗೆ ಅದೊಂದೇ.

ಗಂಡನಿಗೆ ಫೋನು ಹಚ್ಚಿದಳು. ಹಿಂದೆ ಯಾವುದೋ ಯಂತ್ರ ಗುಡುಗುತ್ತಿತ್ತು.

"ಸ್ಟಾರ್ಟ್ ಆಗ್ತಿಲ್ಲ. ಫಿಲ್ಟರ್ ತನಕ ಡೀಸೆಲ್ ಬರ್ತಿದೆ, ಮುಂದೆ ಹೋಗ್ತಿಲ್ಲ."

"ಅಪ್ಪ ಏನಂತಾರೆ?"

"ಏರು ಅಂತಾರೆ."

"ಹಾಗಾದ್ರೆ ಏರೇ ಇರ್ಬೇಕು."

"ಏರ್ ಇಲ್ಲ ಅಂತ ನನ್ನ ಕಣ್ಣಾರೆ ನೋಡ್ತಿದ್ದೀನಿ."

"ನೋಡು, ನಾನು ಇಲ್ಲಿಂದ ಏನು ಮಾಡೋಕಾಗುತ್ತೆ? ಬಿಡು ಅತ್ಲಾಗೆ. ಹೇಗೂ ಕೊಡೋ ಗಾಡಿ ತಾನೇ."

ಅವಳು ಫೋನನ್ನು ಬಾನೆಟ್ಟಿನ ಮೇಲಿಟ್ಟಳು. ಎಸೆಯಲಿಲ್ಲ, ಇಟ್ಟಳು. ಎಸೆದಿದ್ದರೆ ಅದನ್ನು ರಿಪೇರಿ ಮಾಡುವ ಕೆಲಸವೂ ತನ್ನ ಮೈಮೇಲೆಯೇ ಬರುತ್ತಿತ್ತು. ಎಂಟು ಐವತ್ತು. ಮಾವ ಮತ್ತೆ ಜಗಲಿಗೆ ಹೋಗಿ, ಡೀಸೆಲ್ಲಿನಲ್ಲಿ ನೀರು ಬೆರೆಸುವ ಬಂಕುಗಳ ನಡತೆಗೇಡಿತನದ ಬಗ್ಗೆ ಯಾರಿಗೂ ಅಲ್ಲದಂತೆ ಹೇಳತೊಡಗಿದ್ದರು. ಬಿಸಿಲು ಅಂಗಳಕ್ಕಿಳಿದು ಸ್ಪಾನರುಗಳ ಮೇಲೆ ಕೂತಿತ್ತು. ಅವಳು ಮೆಟ್ಟಿಲ ಮೇಲೆ ಕೂತು, ಕೈಯನ್ನು ಹಳೆಯ ಅಂಗಿಗೆ ಒರೆಸಿಕೊಳ್ಳುತ್ತ, ಕೋಪವನ್ನು ಪಕ್ಕಕ್ಕಿಟ್ಟು ಯೋಚಿಸಲು ಯತ್ನಿಸಿದಳು.

ಫಿಲ್ಟರ್ ದಾಟಿದ ಡೀಸೆಲ್, ಅದನ್ನು ಇಂಜಿನ್ನಿಗೆ ಚಿಮ್ಮಿಸುವ ಪಂಪಿನ ಬಾಯಿಗೆ ಬರುತ್ತಿದೆ. ಪಂಪಿನಿಂದ ಹೊರಗೆ ಹೋಗುತ್ತಿಲ್ಲ. ಹಾಗಾದರೆ ನಡುವೆ ಒಂದು ಬಾಗಿಲು ಮುಚ್ಚಿದೆ.

ಬಾಗಿಲು ಎಂದೊಡನೆ ಮೊದಲ ದಿನದ ಪಾಠ ನೆನಪಾಯಿತು. ಮಾವ ಅವಳನ್ನು ಸೀಟಿನಲ್ಲಿ ಕೂರಿಸಿ, ಕೀಯನ್ನು ಅರ್ಧ ಮಾತ್ರ ತಿರುಗಿಸಲು ಹೇಳಿದ್ದರು. "ಈಗ ಕಿವಿ ಕೊಡು. ಇಂಜಿನ್ 'ಟಿಕ್' ಅನ್ನುತ್ತೆ, ಬೆರಳು ಮುರಿದಷ್ಟು ಸಣ್ಣಗೆ. ಪಂಪಿನ ಮೇಲೆ ಒಬ್ಬ ಕಾವಲುಗಾರ ಇದ್ದಾನೆ. ಕರೆಂಟ್ ಬಂದ್ರೆ ಡೀಸೆಲ್ಲಿಗೆ ಬಾಗಿಲು ತೆಗೀತಾನೆ, ಕರೆಂಟ್ ಹೋದ್ರೆ ಮುಚ್ತಾನೆ. ಅವನು ಟಿಕ್ ಅನ್ನದೆ ಸೆಲ್ಫ್ ಹೊಡೀಬಾರ್ದು. ಬಾಗಿಲು ಹಾಕಿರೋ ಮನೆಗೆ ನುಗ್ಗೋದು ಮರ್ಯಾದಸ್ಥರ ಲಕ್ಷಣ ಅಲ್ಲ." ಈಗ ಅವರ ಕಿವಿ ಮಂದ, ಆ ಸದ್ದು ಅವರನ್ನು ತಲುಪುವುದನ್ನು ಬಿಟ್ಟು ಎಷ್ಟೋ ಕಾಲವಾಗಿರಬೇಕು. ಅವಳು? ಅವಳ ಕಿವಿ ಚೆನ್ನಾಗಿಯೇ ಇತ್ತು. ಇವತ್ತು ಆತುರದಲ್ಲಿ ಆಲಿಸಿಯೇ ಇರಲಿಲ್ಲ.

ಹೋಗಿ ಕೀಯನ್ನು ಅರ್ಧ ತಿರುಗಿಸಿದಳು. ಆಲಿಸಿದಳು. ದೂರದಲ್ಲಿ ಟೈಲರಕ್ಕನ ಮಿಷನ್ನು, ಹತ್ತಿರದಲ್ಲಿ ಮಾವನ ಬಂಕು ಪುರಾಣ. ಟಿಕ್ ಇಲ್ಲ.

ಮತ್ತೆ ಬಾನೆಟ್ಟಿನೊಳಗೆ ಬಾಗಿ ಪಂಪಿನ ನೆತ್ತಿ ನೋಡಿದಳು. ಹೆಬ್ಬೆರಳಿನಷ್ಟಿದ್ದ ಆ ಕಾವಲುಗಾರನಿಗೆ ಕರೆಂಟು ತರುವ ತಂತಿಯ ಮೇಲಿನ ಎಣ್ಣೆ-ಧೂಳನ್ನು ಹೆಬ್ಬೆರಳಿನಿಂದ ಉಜ್ಜಿದಳು. ಕೆಳಗಿನಿಂದ ಕೆಂಪು-ಬಿಳಿ ನೂಲಿನ ಹೆಣಿಗೆ ಮೂಡಿಬಂತು.

ಅವಳು ಆ ವಯರಿನ ಜಾಡು ಹಿಡಿದು ಹೊರಟಳು. ಎರಡು ತಿಂಗಳ ಸುಕ್ಕುಬಟ್ಟೆಗಳೆಲ್ಲ ಅವಳ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ಇಸ್ತ್ರಿಪೆಟ್ಟಿಗೆಯ ವಯರು ಬಾನೆಟ್ಟಿನ ಹಿಂದಿನ ಗೋಡೆಯ ರಂಧ್ರದಲ್ಲಿ ನುಸುಳಿ, ಚಾಪೆಯ ಕೆಳಗೆ ಹರಿದು, ಎರಡು ಸೀಟುಗಳ ನಡುವೆ ಹ್ಯಾಂಡ್ ಬ್ರೇಕಿನ ಬುಡಕ್ಕೆ ಬಂದು ನಿಂತಿತ್ತು. ಅಲ್ಲಿ, ರೆಕ್ಸಿನ್ನಿನ ಮಡಿಕೆಯ ಮರೆಯಲ್ಲಿ, ಎಡಗಡೆಗೆ ಮುಖ ಮಾಡಿ, ಅತ್ತೆಯ ಬೆಡ್ ಸ್ವಿಚ್ಚು ಮಲಗಿತ್ತು. ಒತ್ತಿದಳು. ಪಂಪಿನ ಕಡೆಯಿಂದ, ಬೆರಳು ಮುರಿದಷ್ಟು ಸಣ್ಣಗೆ, ಟಿಕ್ ಎಂದಿತು.

ಸೆಲ್ಫ್ ಒಮ್ಮೆ ತಿರುಗುವುದರೊಳಗೆ ಇಂಜಿನ್ ಎದ್ದು ಕೂತಿತು.

ಕೀ ಕಿತ್ತುಕೊಂಡ ಮಗನಿಗೆ ಮುದುಕನ ಉತ್ತರ ಇದು ಎಂದು ಅವಳಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೀ ಯಾರ ಕೈಯಲ್ಲಾದರೂ ಇರಲಿ, ತಾನಿಲ್ಲದೆ ಗಾಡಿ ಹೊರಡಕೂಡದು. ಎರಡು ತಿಂಗಳು ಪ್ರತಿ ಪಾಠಕ್ಕೂ ಅವರೇ ಮೊದಲು ಹತ್ತಿ ಕೂತಿದ್ದು, ಗುಟ್ಟಾಗಿ ಒತ್ತಿದ್ದು, ಇಳಿಯುವಾಗ ಮತ್ತೆ ಒತ್ತಿದ್ದು. ಇವತ್ತು ಅವಳು ಒಬ್ಬಳೇ ಹತ್ತಿದ್ದಳು. ಅಷ್ಟಾಗಿಯೂ ಅವರು ಒಂದೂವರೆ ಗಂಟೆ ಎದುರಿಗೇ ಇದ್ದು, ಬಿಸಿನೀರು ಕಾಯಿಸಲು ಹೇಳಿ, ಇನ್ನೂರು ಸಲ ಒತ್ತಿಸಿ, ನೋಡುತ್ತ ಕೂತಿದ್ದರು. ಅವಳ ಕಿವಿ ಬಿಸಿಯಾಯಿತು.

"ಹಿಡೀತಲ್ಲ," ಎಂದು ಮಾವ ಕೋಲೂರುತ್ತ ಬಂದರು. ಮುಖದಲ್ಲಿ ಅಪ್ಪಟ ಸಂತೋಷ. "ಹೇಳ್ಲಿಲ್ವಾ, ಏರು ಅಂತ."

ಕೇಳಲು ಬಾಯಿ ತೆರೆದಳು. ಗಡಿಯಾರ ಒಂಬತ್ತೂಕಾಲು ತೋರಿಸಿತು. ಜಗಳಕ್ಕೆ ಅರ್ಧ ಗಂಟೆಯಾದರೂ ಬೇಕು. ಅಷ್ಟು ಅವಳ ಬಳಿ ಇರಲಿಲ್ಲ. ಒಳಗೆ ಓಡಿ ಕೈತೊಳೆದು, ಗಂಡನ ಅಂಗಿ ಕಳಚಿ, ಕಾಗದಗಳ ಚೀಲ ಹಿಡಿದು ಬಂದು ಸ್ಟೇರಿಂಗ್ ಹಿಡಿದಳು. ಮಾವ ಎಡಗಡೆಯಿಂದ ಹತ್ತಿ ಕೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡರು.

ಇಂಜಿನ್ ಕೆಮ್ಮಿ ನಿಂತುಹೋಯಿತು.

"ನೋಡು, ಕ್ಲಚ್ ಬಿಡೋಕೆ ಇನ್ನೂ ಬರಲ್ಲ," ಎಂದರು ಮಾವ.

ಅವಳ ಕಾಲು ಕ್ಲಚ್ಚಿನ ಹತ್ತಿರವೂ ಇರಲಿಲ್ಲ. ಕೈಯನ್ನು ಹ್ಯಾಂಡ್ ಬ್ರೇಕಿನ ಬುಡಕ್ಕೆ ಇಳಿಬಿಟ್ಟು ಒತ್ತಿದಳು. ಟಿಕ್. ಹೊರಟಳು.

ದಾರಿಯುದ್ದಕ್ಕೂ ಮಾವ ಏರಿನ ಬಗ್ಗೆ ಉಪನ್ಯಾಸ ಮಾಡಿದರು: ಟ್ಯಾಂಕು ತಳ ಕಂಡಾಗ ಅದು ಹೇಗೆ ಒಳನುಗ್ಗುತ್ತದೆ, ಹಳೆಯ ರಬ್ಬರು ಪೈಪಿನ ಬಿರುಕಿನಲ್ಲಿ ಹೇಗೆ ಅಡಗಿರುತ್ತದೆ, ಒಮ್ಮೆ ಘಾಟಿಯ ತಿರುವಿನಲ್ಲಿ ತಮ್ಮ ಬಸ್ಸಿಗೆ ಏರು ಹಿಡಿದು ಪ್ರಯಾಣಿಕರೆಲ್ಲ ಇಳಿದು ಹೇಗೆ ಹಾಡು ಹೇಳುತ್ತ ಕಾದರು. ನಡುನಡುವೆ "ಗೇರು," "ಹಾರ್ನು," "ಎಮ್ಮೆ." ಅವಳು ಹಲ್ಲು ಬಿಗಿಹಿಡಿದು ಓಡಿಸಿದಳು. ಹೊಲಗಳಾಚೆಯ ಬೆಳಕು ಹಾಲಿನ ಕೆನೆಯಂತೆ ತೆಳ್ಳಗೆ ಮಡಿಚಿಕೊಳ್ಳುತ್ತಿದ್ದುದನ್ನು ಬೇರೆ ದಿನವಾಗಿದ್ದರೆ ನೋಡುತ್ತಿದ್ದಳು. ಇವತ್ತು ಅವಳ ತಲೆಯಲ್ಲಿ ಒಂದೇ ಲೆಕ್ಕ ನಡೆದಿತ್ತು. ಕಲಿಯುವವರ ಪಕ್ಕ ಲೈಸೆನ್ಸಿರುವವರೊಬ್ಬರು ಕೂರಬೇಕೆಂಬುದು ಕಾನೂನು. ತನಗೆ ಲೈಸೆನ್ಸು ಬಂದರೆ ಎಡಗಡೆಯ ಸೀಟಿಗೆ ಕೆಲಸವಿಲ್ಲ. ಹಾಗಾದರೆ ಬೆಳಗಿನ ಬಿಸಿನೀರು, ಇನ್ನೂರು ಒತ್ತು, ಹೊರಡುವಾಗ ನಿಂತುಹೋದ ಇಂಜಿನ್ನು, ಎಲ್ಲಕ್ಕೂ ಒಂದೇ ಅರ್ಥ. ಕಲಿಸಿದ ಮನುಷ್ಯನೇ ಕಾಲು ಎಳೆಯುತ್ತಿದ್ದಾನೆ.

ಮೈದಾನ ತಲುಪಿದಾಗ ಹತ್ತು ಐವತ್ತು. ಅವಳು ಸಾಲಿನಲ್ಲಿ ನಿಂತು ಸಹಿ ಹಾಕಿ ಬರುವಷ್ಟರಲ್ಲಿ ಮಾವ ಇಳಿದು ತಂತಿಬೇಲಿಯ ಹತ್ತಿರ ಅಪರಿಚಿತನೊಬ್ಬನಿಗೆ ಘಾಟಿಯ ಕತೆ ಶುರುಮಾಡಿದ್ದರು. ಸಣಕಲು ದೇಹದ ಇನ್ಸ್‌ಪೆಕ್ಟರು, ದಾರ ಕಟ್ಟಿದ ಪೆನ್ನು ಕೊರಳಿಗೆ ಹಾಕಿಕೊಂಡು, ಎಡಗಡೆಯ ಸೀಟಿನಲ್ಲಿ ಬಂದು ಕೂತರು.

"ಗಾಡಿಗೆ ವಯಸ್ಸೆಷ್ಟು?"

"ನನಗಿಂತ ಎರಡು ವರ್ಷ ಚಿಕ್ಕದು ಸರ್."

"ಹೂಂ. ಸ್ಟಾರ್ಟ್ ಮಾಡಿ."

ಅವಳು ಕೀಯನ್ನು ಅರ್ಧ ತಿರುಗಿಸಿ ಆಲಿಸಿದಳು. ಟಿಕ್ ಇಲ್ಲ. ಬಂದು ನಿಲ್ಲಿಸಿದಾಗ ಇತ್ತು, ಈಗ ಇಲ್ಲ. ಗಾಜಿನಾಚೆ ಮಾವ ಎರಡೂ ಕೈ ಎತ್ತಿ ಬಸ್ಸಿನ ಸ್ಟೇರಿಂಗಿನ ಗಾತ್ರ ತೋರಿಸುತ್ತಿದ್ದರು. ಅವಳಲ್ಲಿ ಬಿಸಿಯಾಗಿದ್ದ ಕೋಪ ಆ ಕ್ಷಣ ತಣ್ಣಗಾಯಿತು; ತಣ್ಣಗಾದ ಕೋಪ ಹೆಚ್ಚು ಭಾರ. ಎಡಗೈ ಇಳಿಬಿಟ್ಟು ಗುಂಡಿ ಒತ್ತಿದಳು.

"ಅಲ್ಲಿ ಏನಿದೆ?" ಎಂದರು ಇನ್ಸ್‌ಪೆಕ್ಟರು.

"ದೀಪದ ಸ್ವಿಚ್ಚು ಸರ್."

"ದೀಪ ಎಲ್ಲಿ?"

"ಮನೇಲಿದೆ."

ಅವರು ಅವಳನ್ನೂ ಹ್ಯಾಂಡ್ ಬ್ರೇಕಿನ ಬುಡವನ್ನೂ ಒಂದೊಂದು ಸಲ ನೋಡಿದರು. ಕೇಳಿದರೆ ಉದ್ದವಾದೀತು ಎಂದು ಅನಿಸಿರಬೇಕು. "ನಡೀರಿ. ಎಂಟು ಹಾಕಿ."

ಅವಳು ಎಂಟು ಹಾಕಿದಳು. ಕಡ್ಡಿಗಳ ನಡುವೆ ಹಿಂದಕ್ಕೆ ತಂದು ನಿಲ್ಲಿಸಿದಳು. ಮಣ್ಣಿನ ದಿಬ್ಬದ ಮೇಲೆ ನಿಲ್ಲಿಸಿ, ಹಿಂದಕ್ಕೆ ಒಂದು ಗೇಣೂ ಜಾರದಂತೆ ಹೊರಟಳು. ಏನೂ ಕಷ್ಟವಾಗಲಿಲ್ಲ. ಬೆಳಗಿನಿಂದ ಅವಳು ಪಟ್ಟ ಪಾಡಿನ ಮುಂದೆ ಇನ್ಸ್‌ಪೆಕ್ಟರ ಪರೀಕ್ಷೆ ರಜೆಯ ಹಾಗಿತ್ತು.

"ಓಡಿಸುವಾಗ ಕ್ಲಚ್ ಮೇಲೆ ಕಾಲು ಇಟ್ಕೊಳ್ಳೋ ಅಭ್ಯಾಸ ಬಿಡಿ," ಎನ್ನುತ್ತ ಇನ್ಸ್‌ಪೆಕ್ಟರು ಕಾಗದದ ಮೇಲೆ ಗೀಚಿದರು. "ಪಾಸು. ಮುಂದಿನವರು."

ಮಾವ ಜೀಪಿನ ಹತ್ತಿರ ಬಂದರು. "ಏನಂದ?"

"ಪಾಸು."

"ಕಲಿಸಿದವರು ಯಾರು ಅಂತ ಕೇಳಿದ್ನಾ?"

"ಇಲ್ಲ."

"ಕೇಳ್ಬೇಕಿತ್ತು."

"ಹತ್ತಿ ಮಾವ." ಈಗ ಅವಳ ಬಳಿ ಹೊತ್ತಿತ್ತು, ಅರ್ಧ ಗಂಟೆಯಲ್ಲ, ಅರ್ಧ ದಿನ. ಮಾತುಗಳನ್ನು ಒಂದೊಂದಾಗಿ ಜೋಡಿಸಿಟ್ಟುಕೊಂಡಿದ್ದಳು. ಕೈಯನ್ನು ಕಳ್ಳಮಾಲಿನ ಸಮೇತ ಹಿಡಿಯಬೇಕೆಂದು ಕಣ್ಣನ್ನು ಹ್ಯಾಂಡ್ ಬ್ರೇಕಿನ ಬುಡದಲ್ಲೇ ನೆಟ್ಟಳು.

ಮಾವ ಹತ್ತಿ ಕೂತರು. ಕೋಲನ್ನು ಮಂಡಿಗಳ ನಡುವೆ ನಿಲ್ಲಿಸಿದರು. ಅವರ ಕಣ್ಣು ಮೈದಾನದ ತುದಿಯಲ್ಲಿ ಎಂಟು ಹಾಕಲು ತಿಣುಕಾಡುತ್ತಿದ್ದ ಒಂದು ಕಾರಿನ ಮೇಲಿತ್ತು. ಅಷ್ಟರಲ್ಲಿ ಅವರ ಬಲಗೈ, ಯಾರಿಗೂ ಹೇಳದೆ ಹೊರಟ ಹಾಗೆ, ಮೆಲ್ಲನೆ ಕೆಳಗಿಳಿಯಿತು. ರೆಕ್ಸಿನ್ನಿನ ಮಡಿಕೆಯಲ್ಲಿ ಗುಂಡಿಯನ್ನು ಹುಡುಕಲಿಲ್ಲ, ಅದು ಇರುವಲ್ಲಿಗೇ ಹೋಯಿತು. ಪಕ್ಕದಲ್ಲಿ ಯಾರೋ ನಿದ್ದೆಯಲ್ಲಿದ್ದಾರೆ, ಎಚ್ಚರವಾಗಬಾರದು ಎಂಬಷ್ಟು ಹಗುರವಾಗಿ ಒತ್ತಿತು. ಮತ್ತೆ ಬಂದು ಕೋಲಿನ ಹಿಡಿಯ ಮೇಲೆ ಕೂತಿತು.

"ಅವನು ಸ್ಟೇರಿಂಗ್ ಹಿಡಿದಿರೋದು ನೋಡು," ಎಂದರು ಮಾವ, ಕಾರನ್ನು ತೋರಿಸುತ್ತ. "ಹಸೂನ ಕೊಂಬು ಹಿಡಿದ ಹಾಗೆ."

"ಮಾವ, ಈಗ ನಿಮ್ಮ ಬಲಗೈ ಏನು ಮಾಡ್ತು?"

"ಕೈಯಾ?" ಅವರು ಕೈಯನ್ನು ಮೇಲೆತ್ತಿ ಅಂಗೈ ನೋಡಿಕೊಂಡರು, ತಿರುಗಿಸಿ ಮುಂಗೈ ನೋಡಿಕೊಂಡರು. "ಯಾಕೆ, ಗ್ರೀಸು ಅಂಟಿದೆಯಾ?"

ಅವಳು ಅವರ ಎಡಹುಬ್ಬನ್ನು ನೋಡಿದಳು. ಕಾದಳು. ಅದು ಏರಲಿಲ್ಲ. ನೆರೆತ ಆ ಹುಬ್ಬು ತನ್ನ ಜಾಗದಲ್ಲಿ ಸುಮ್ಮನೆ, ಏನೂ ಗೊತ್ತಿಲ್ಲದಂತೆ ಮಲಗಿತ್ತು.

"ಇಸ್ತ್ರಿಪೆಟ್ಟಿಗೆ ವಯರು ಎಲ್ಲಿ ಹೋಯ್ತು ಮಾವ?"

"ಯಾವ ವಯರು?"

"ಕೆಂಪು-ಬಿಳಿದು. ಕಾಣೆಯಾಯ್ತಲ್ಲ. ಇಲಿ ಅಂದಿದ್ರಿ."

"ಇಲೀನಾ?" ಅವರು ನಿಜವಾಗಿಯೇ ಯೋಚಿಸಿದರು. "ಇಲಿ ವಯರು ಕಡಿಯುತ್ತೆ, ಎತ್ಕೊಂಡು ಹೋಗಲ್ಲಮ್ಮ. ಯಾರಂದ್ರು ನಿನಗೆ?"

ಜೋಡಿಸಿಟ್ಟುಕೊಂಡಿದ್ದ ಮಾತುಗಳಿಗೆಲ್ಲ ಈಗ ಹೋಗಲು ಜಾಗವಿರಲಿಲ್ಲ. ಇಲಿ ಎಂದ ದಿನ ಅವರಿಗೆ ಗೊತ್ತಿತ್ತು. ಇವತ್ತು ಬೆಳಗ್ಗೆ ಗೊತ್ತಿರಲಿಲ್ಲ. ನಡುವೆ ಎಲ್ಲೋ ತಲೆ ಇಳಿದುಹೋಗಿತ್ತು, ಕೈ ಮಾತ್ರ ಡ್ಯೂಟಿ ಮುಂದುವರಿಸಿತ್ತು. ಬೆಳಗಿನ ಒಂದೂವರೆ ಗಂಟೆ ಅವರೂ ಅವಳಷ್ಟೇ ಪ್ರಾಮಾಣಿಕವಾಗಿ ಒದ್ದಾಡಿದ್ದರು. ಬಾನೆಟ್ಟಿನ ಪಕ್ಕ ನಿಲ್ಲುವ ಬದಲು ಒಂದೇ ಒಂದು ಸಲ ತಮ್ಮ ಸೀಟಿನಲ್ಲಿ ಹೋಗಿ ಕೂತಿದ್ದರೆ ಆಗಿಹೋಗುತ್ತಿತ್ತು. ಇದನ್ನು ತಿಳಿದ ಮೇಲೂ ಅವಳ ಸಿಟ್ಟು ಹೋಗಲಿಲ್ಲ. ಅದನ್ನು ಇಳಿಸಿ ಇಡಲು ತಪ್ಪು ಮಾಡಿದವರೇ ಇಲ್ಲವಲ್ಲ ಎಂಬ ಇನ್ನೊಂದು ಸಿಟ್ಟು ಅದರ ಜೊತೆ ಸೇರಿಕೊಂಡಿತು.

"ಹಾಗಾದ್ರೆ ಬೆಳಗ್ಗೆ ಗಾಡಿ ಯಾಕೆ ಸ್ಟಾರ್ಟ್ ಆಗ್ಲಿಲ್ಲ?" ಎಂದಳು, ಕೊನೆಯ ಸಲಕ್ಕೆಂಬಂತೆ.

"ಎಷ್ಟು ಸಲ ಹೇಳ್ಲಿ, ಏರು. ನೀನು ಸರಿಯಾಗಿ ತೆಗೀಲಿಲ್ಲ."

ಅವಳು ಕೀಯನ್ನು ಅರ್ಧ ತಿರುಗಿಸಿ ಗುಂಡಿ ಒತ್ತಿದಳು. ಟಿಕ್.

ಮನೆ ತಲುಪಿ ಅಂಗಳದಲ್ಲಿ ನಿಲ್ಲಿಸಿದಾಗ ಇಂಜಿನ್ ಇನ್ನೂ ಓಡುತ್ತಿತ್ತು. ಫೋನು ಬಡಿದುಕೊಂಡಿತು, ಗಂಡನದು.

"ಏನಾಯ್ತು?"

"ಪಾಸು. ಆ ಗಿರಾಕಿಗೆ ಇಲ್ಲ ಅಂತ ಹೇಳಿಬಿಡಿ."

"ನಿಜವಾಗ್ಲೂ? ಗಾಡಿಗೆ ಏನಾಗಿತ್ತು ಮತ್ತೆ?"

ಮಾವ ಇಳಿಯುತ್ತಿದ್ದರು. ಬಲಗೈ ಕೆಳಗೆ ಹೋಗಿ ಬಂತು. ಇಂಜಿನ್ ನಿಂತಿತು. "ಹ್ಯಾಂಡ್ ಬ್ರೇಕ್ ಹಾಕೋ ಮೊದಲೇ ಆಫ್ ಮಾಡ್ತೀಯಲ್ಲ," ಎಂದು ಅವರು ಗೊಣಗಿದರು.

"ಬಂದಾಗ ಹೇಳ್ತೀನಿ," ಎಂದಳು ಅವಳು ಫೋನಿಗೆ. "ಫೋನಲ್ಲಿ ಹೇಳೋದಲ್ಲ. ಶನಿವಾರ ತಪ್ಪಿಸ್ಬೇಡಿ. ಬರುವಾಗ ಇಸ್ತ್ರಿಪೆಟ್ಟಿಗೆಗೆ ಒಂದು ವಯರು ತನ್ನಿ."

ಫೋನು ಇಟ್ಟು ನೋಡಿದರೆ ಮಾವ ಜಗಲಿಗೆ ಹೋಗದೆ ಜೀಪಿನ ಎಡಗಡೆಯ ಬಾಗಿಲನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಬಾಗಿಲಿನ ಬಣ್ಣ ಎದ್ದಿದ್ದ ಜಾಗವನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಇನ್ನು ನಿನಗೆ ಪಕ್ಕದಲ್ಲಿ ಯಾರೂ ಬೇಕಾಗಿಲ್ಲ ಅಲ್ವಾ," ಎಂದರು. ಕೇಳಿದ್ದಲ್ಲ, ಹೇಳಿದ್ದು.

ಅವಳು ಕಾಗದಗಳ ಚೀಲ ಎತ್ತಿಕೊಂಡಳು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು; ಬೆರಳ ಸಂದಿಯಲ್ಲಿ ಡೀಸೆಲ್ ವಾಸನೆ ಇನ್ನೂ ಹೋಗಿರಲಿಲ್ಲ.

"ನಾಳೆ ಎಂಟಕ್ಕೆ ಮಗಳನ್ನ ಶಾಲೆಗೆ ಬಿಡ್ಬೇಕು. ಏಳೂಮುಕ್ಕಾಲಿಗೆಲ್ಲ ಬಂದು ನಿಮ್ಮ ಸೀಟಲ್ಲಿ ಕೂತಿರಿ."

"ನಾನ್ಯಾಕೆ?"

"ನೀವು ಕೂತ್ರೆ ಮಾತ್ರ ಈ ಗಾಡಿ ಸ್ಟಾರ್ಟ್ ಆಗೋದು."

ಮಾವ ಅವಳ ಮುಖವನ್ನು ನೋಡಿದರು, ಹುಬ್ಬು ಏರಿದೆಯೇ ಎಂದು ಹುಡುಕುವವರಂತೆ. ಏನೂ ಕಾಣಲಿಲ್ಲವೆಂದು ತೋರುತ್ತದೆ. ಬಾಗಿಲನ್ನು ದಬ್ಬಿ ಮುಚ್ಚಿ, ಕೋಲೂರುತ್ತ ಜಗಲಿಯತ್ತ ನಡೆದರು.

"ಅದನ್ನ ನಿನ್ನ ಗಂಡನಿಗೆ ಹೇಳು," ಎಂದರು.